ರೈಲು ರಾಜ್ಯದ ಗಡಿ ದಾಟಿದರೆ ದುಡ್ಡು ಯಾರದು?

ವಿರಾಜಪೇಟೆಯವರೊಬ್ಬರ ಪ್ರಶ್ನೆ: ದಿನಾ ಓಡಾಡುವವರ ರೈಲನ್ನು ಪಕ್ಕದ ರಾಜ್ಯಕ್ಕೆ ವಿಸ್ತರಿಸಿದರೆ ಖರ್ಚು ಯಾರದು? (ನಮ್ಮ ಕೊಡಗಿನಲ್ಲಿ ಹಳಿಯೇ ಇಲ್ಲ, ಅದು ಬೇರೆ ಮಾತು.)

ಒಂದೇ ಸೂತ್ರ ಅಂತ ಇಲ್ಲ. ಸರ್ಕಾರಗಳು ಕೂತು ಹಂಚಿಕೊಳ್ಳಬೇಕು. ದೆಹಲಿ–ಮೀರತ್ ರೈಲು ಕಟ್ಟಿದ ಕಂಪನಿಯಲ್ಲಿ ಕೇಂದ್ರದ ಪಾಲು ಶೇ 50. ದೆಹಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನದ್ದು ತಲಾ ಶೇ 12.5. ಹಳಿ ಹಾಕುವ ದುಡ್ಡಿನ ಲೆಕ್ಕ ಬೇರೆ, ಜಗಳ ಬರುವುದೂ ಅಲ್ಲೇ. ತನ್ನ ಪಾಲಿಗೆ ಹಣವಿಲ್ಲ ಅಂದ ದೆಹಲಿ ಸರ್ಕಾರವನ್ನು, ಜಾಹೀರಾತಿಗೆ ಎಷ್ಟು ಸುರಿದಿದ್ದೀರಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಕೇಳಿತ್ತು!

ಆಮೇಲೆ ಓಡಿಸುವ ಖರ್ಚು. ಟಿಕೆಟ್ ದುಡ್ಡು ಸಾಮಾನ್ಯವಾಗಿ ಸಾಲುವುದಿಲ್ಲ. ಅಮೆರಿಕದಲ್ಲಿ ಫಿಲಡೆಲ್ಫಿಯಾದ ರೈಲು ಡೆಲವೇರ್ ರಾಜ್ಯದೊಳಗೆ ಬರುವುದಕ್ಕೆ ಡೆಲವೇರ್ ಸರ್ಕಾರವೇ ಹಣ ಕೊಡುತ್ತದೆ. ಸುಮ್ನೆ ಯಾರೂ ಓಡಿಸುವುದಿಲ್ಲ, ಅಲ್ವಾ?