ಜೋಕಾಲಿ ಜೀಕುವ ಹುಡುಗ ಅಲ್ಲಿ ಯಾಕೆ ಒಲ್ಲೆ ಅಂದ?

ಜಮಖಂಡಿಯ ಓದುಗರೊಬ್ಬರ ಪತ್ರ, ತುಸು ಮೊಟಕು ಮಾಡಿ:

"ಹೋದ ಬ್ಯಾಸಗಿ ಸೂಟಿಯಾಗ ನಾವು, ನಮ್ಮ ಭಾವನವರ ಮನಿಯವರು ಕೂಡಿ ಒಂಬತ್ತು ಮಂದಿ ಬೆಂಗಳೂರಿಗೆ ಹೋಗಿದ್ವಿ. ಒಂದು ದಿನ ಬಿಡದಿಯ ವಂಡರ್‌ಲಾಕ್ಕ. ನನ್ನ ಸಣ್ಣ ಮಗನಿಗೆ ಹನ್ನೊಂದು ವರ್ಷ. ಒಂದೇ ಒಂದು ರೈಡ್ ಹತ್ತಲಿಲ್ಲ. ಅವರಪ್ಪ ರಟ್ಟಿ ಹಿಡಿದು ಸಾಲಿನ್ಯಾಗ ನಿಲ್ಲಿಸಿದ್ರು. ಪಾಳಿ ಬರೂ ಹೊತ್ತಿಗೆ ಅಳಕೋತ ಹೊರಗ ಓಡಿಬಂದ. ಭಾವನವರ ಮಕ್ಕಳು ಅವತ್ತಿನಿಂದ ಅವಗ 'ಅಂಜುಬುರ್ಕ' ಅಂತ ಹೆಸರಿಟ್ಟಾರ. ರೊಕ್ಕ ನೀರಾಗ ಹೋತು ಅಂತ ನಮ್ಮ ಯಜಮಾನ್ರು ಇನ್ನೂ ಅಂತಾರ. ಅವರೂ ಎರಡು ಹತ್ತಿ, ಬಿಪಿ ಅಂತ ನೆರಳಿಗೆ ಕುಂತ್ರು, ಆ ಮಾತು ಬ್ಯಾರೆ. ನನಗ ತಿಳೀಲಾರದ್ದು ಏನಂದ್ರ, ಪಂಚಮಿಗೆ ಬೇವಿನ ಗಿಡಕ್ಕ ಹಗ್ಗ ಕಟ್ಟಾಂವ ಇವನ. ನಿಂತು ಜೀಕಿ ಟೊಂಗಿ ಮುಟ್ಟಿ ಬರತಾನ. ಅಲ್ಲಿ ಅಂಜದಾಂವ ಇಲ್ಲ್ಯಾಕ ಅಂಜಿದ? ಈ ದಸರಾ ಸೂಟಿಗೆ ಮತ್ತ ಹೊಂಟೇವಿ. ಅವನ್ನ ಅಜ್ಜಿ ಕಡೆ ಬಿಟ್ಟು ಹೋಗೂದೋ, ಹೆಂಗರ ಮಾಡಿ ಒಮ್ಮೆ ಕೂಡಿಸಿಬಿಡೂದೋ? ಹಾಂ, ನಾನೂ ಏನೂ ಹತ್ತಲಿಲ್ಲ. ಬ್ಯಾಗು ಕಾಯಕೋತ ಅವನ ಬಾಜೂಕ ಕುಂತಿದ್ದೆ."

ಅಕ್ಕಾವ್ರ,

ನಿಮ್ಮ ಪತ್ರದ ಕೊನೆಯ ಎರಡು ಸಾಲನ್ನು ನಾನು ಮೂರು ಸಲ ಓದಿದೆ. ಲೆಕ್ಕ ಹಾಕಿ ನೋಡಿ. ಒಂಬತ್ತು ಮಂದಿಯಲ್ಲಿ ಕೆಳಗೆ ಕೂತವರು ಮೂವರು. ನಿಮ್ಮ ಹತ್ತಿರ ಬ್ಯಾಗಿತ್ತು. ಯಜಮಾನರ ಹತ್ತಿರ ಬಿಪಿ ಇತ್ತು. ಹುಡುಗನ ಹತ್ತಿರ ನೆಪ ಅಂತ ಏನೂ ಇರಲಿಲ್ಲ, ಬರೇ 'ಒಲ್ಲೆ' ಅನ್ನುವ ಮಾತಿತ್ತು. ಹೆಸರು ಬಿದ್ದದ್ದು ಅವನೊಬ್ಬನಿಗೇ. ಯಜಮಾನರ ಬಿಪಿ ಸುಳ್ಳು ಅನ್ನುತ್ತಿಲ್ಲ ನಾನು. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುನೋವು ಇದ್ದವರು, ಗರ್ಭಿಣಿಯರು ದೊಡ್ಡ ರೈಡ್ ಹತ್ತಬಾರದು ಅಂತ ಇಂಥ ಪಾರ್ಕಿನವರೇ ಬೋರ್ಡು ಹಾಕಿರುತ್ತಾರೆ. ಅವರು ಕೂತದ್ದು ಸರಿ, ಎರಡು ಹತ್ತಿದ್ದೇ ತಪ್ಪು.

ಪತ್ರ ಟೈಪ್ ಮಾಡುತ್ತಿದ್ದ ನಮ್ಮ ಡಿಟಿಪಿ ಹುಡುಗ ನಡುವೆ ತಲೆ ಎತ್ತಿ, "ಸರ, ಒಮ್ಮೆ ಕೂಡಿಸಿಬಿಟ್ರ ಅಂಜಿಕಿ ತಾನ ಬಿಡ್ತದರಿ" ಅಂದ. ನಿಮ್ಮ ಮನೆಯಲ್ಲೂ ಈ ಮಾತು ನಡೆದಿರಬೇಕು. ಇದಕ್ಕೆ ನನ್ನ ಹತ್ತಿರ ಪುಸ್ತಕದ ಉತ್ತರಕ್ಕಿಂತ ಸ್ವಂತ ಉತ್ತರವೇ ಗಟ್ಟಿ ಇದೆ.

ನನಗಾಗ ಒಂಬತ್ತು ವರ್ಷ. ವಿಜಯಪುರದ ಸಿದ್ಧೇಶ್ವರ ಜಾತ್ರೆ, ಸಂಕ್ರಾಂತಿಯ ಥಂಡಿ. ಡೀಸೆಲ್ ಎಂಜಿನ್ನಿನ ಮೇಲೆ ತಿರುಗುವ ದೊಡ್ಡ ಕಬ್ಬಿಣದ ತೊಟ್ಟಿಲು ಬಂದಿತ್ತು. ನಾನು ಒಲ್ಲೆ ಅಂದೆ. ಸೋದರಮಾವ "ಗಂಡಸಲ್ಲೇನಲೇ?" ಅಂತ ಎತ್ತಿ ಒಗೆದ ಹಾಗೆ ಒಳಗೆ ಕೂಡಿಸಿ ಬಾಜೂಕೆ ತಾನೂ ಕೂತ. ಕೆಳಗೆ ಮಂದಿ ಹತ್ತಿಸಿಕೊಳ್ಳಲು ಅದು ನಿಂತಿತು. ನಿಂತಾಗ ನಾವು ತುತ್ತತುದಿಯಲ್ಲಿದ್ದೆವು. ತೊಟ್ಟಿಲು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಕೆಳಗಿನಿಂದ ಡೀಸೆಲ್ ಹೊಗೆ, ಮಿರ್ಚಿ ಭಜಿಯ ವಾಸನೆ. ದೂರದಲ್ಲಿ ಗೋಳಗುಮ್ಮಟ ಬೋಗುಣಿ ಬೋರಲು ಹಾಕಿದಂತೆ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅದನ್ನು ನೋಡುತ್ತ ನಾನು ಮುಂದಿನ ಸರಳನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ. ಮರುದಿನ ಮಧ್ಯಾಹ್ನದವರೆಗೂ ಬಾಯಲ್ಲಿ ತುಕ್ಕಿನ ರುಚಿ. ಅಂಜಿಕೆ ಬಿಟ್ಟಿತೇ? ನನಗೀಗ ಐವತ್ತೆಂಟು. ಜಾತ್ರೆಗೆ ಹೋದರೆ ತೊಟ್ಟಿಲು ಇರುವ ಬದಿಯನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ. ಮಾವನಿಗೆ ಮಾತ್ರ ಆ ಸಂಗತಿ ಮದುವೆ ಮನೆಗಳಲ್ಲಿ ಹೇಳಲು ಮೂವತ್ತು ವರ್ಷ ಬಾಳಿತು.

ಅಂಜಿಕೆ ಮೆಟ್ಟಿಲು ಮೆಟ್ಟಿಲಾಗಿ ಕರಗುತ್ತದೆ, ನಿಜ. ಆದರೆ ಮೆಟ್ಟಿಲು ಏರುವವನು ತಾನೇ ಕಾಲು ಎತ್ತಬೇಕು. ಬೇರೆಯವರು ಎತ್ತಿ ಇಟ್ಟರೆ ಮನಸ್ಸು ಕಲಿಯುವುದು 'ಇದು ನಿಜವಾಗಿಯೂ ಅಂಜಬೇಕಾದದ್ದೇ, ಅದಕ್ಕೇ ಹಿಡಿದು ಕೂಡಿಸಿದರು' ಅನ್ನುವುದನ್ನು.

ಈಗ ನಿಮ್ಮ ಅಸಲಿ ಪ್ರಶ್ನೆ, ಜೋಕಾಲಿಯದು. ಇಡೀ ಪತ್ರದಲ್ಲಿ ಹುಡುಗನನ್ನು ಸರಿಯಾಗಿ ನೋಡಿದ ಸಾಲು ಅದೊಂದೇ.

ಜೋಕಾಲಿ ಮೇಲಕ್ಕೆ ಹೋಗಿ ತಿರುಗುವ ಗಳಿಗೆಯಲ್ಲಿ ಹೊಟ್ಟೆಯೊಳಗೆ ಖೊಳಕ್ ಅನ್ನುತ್ತದಲ್ಲ, ಎತ್ತರದ ಹಳಿಯ ಮೇಲೆ ಏರಿ ಇಳಿದು ಓಡುವ ರೋಲರ್ ಕೋಸ್ಟರು ಇಳಿಯುವಾಗ ಅನ್ನುವುದೂ ಅದೇ. ನಮ್ಮನ್ನು ಕೆಳಗಿನಿಂದ ಒತ್ತಿ ಹಿಡಿಯುವ ಹಲಗೆ ಆ ಕ್ಷಣ ಒತ್ತುವುದನ್ನು ಕಡಿಮೆ ಮಾಡುತ್ತದೆ. ಮೈಗೆ ಭಾರವೇ ಇಲ್ಲ ಅನ್ನಿಸುತ್ತದೆ, ಒಳಗಿನ ಜಠರ ಕರುಳುಗಳೂ ತೇಲಿದ ಹಾಗೆ. ಅಂದರೆ ಈ ಖೊಳಕ್ ಅನ್ನುವುದು ನಿಮ್ಮ ಮಗನಿಗೆ ಹೊಸದಲ್ಲ. ಪ್ರತಿ ಶ್ರಾವಣದಲ್ಲೂ ಶೇಂಗಾ ಉಂಡಿ, ಎಳ್ಳುಂಡಿ ತಿಂದ ಹೊಟ್ಟೆಯಲ್ಲಿ ಅದನ್ನು ಅನುಭವಿಸಿದ್ದಾನೆ, ಬೇಕು ಅಂತ ಮತ್ತೆ ಮತ್ತೆ ಜೀಕಿದ್ದಾನೆ. ಎತ್ತರದ ಅಂಜಿಕೆಯೂ ಇವನಿಗಿಲ್ಲ, ಟೊಂಗೆ ಮುಟ್ಟಿ ಬರುವವನು.

ಹಾಗಾದರೆ ವ್ಯತ್ಯಾಸ ಎಲ್ಲಿ? ಬೇವಿನ ಗಿಡಕ್ಕೆ ಗಂಟು ಹಾಕಿದವನು ಅವನೇ. ಹಾಕಿದ ಮೇಲೆ ಹಗ್ಗಕ್ಕೆ ಜೋತುಬಿದ್ದು ಎರಡು ಸಲ ಜಗ್ಗಿ ನೋಡಿರುತ್ತಾನೆ. ಜೀಕುವಾಗ ಹಗ್ಗ ಎರಡೂ ಮುಷ್ಟಿಯಲ್ಲಿ. ಸಾಕು ಅನ್ನಿಸಿದರೆ ಅಂಗಾಲು ನೆಲಕ್ಕೆ ಉಜ್ಜಿದರಾಯಿತು. ಅಲ್ಲಿ ಪಾರ್ಕಿನಲ್ಲಿ ಎದೆಯ ಮೇಲೆ ಒಂದು ದಪ್ಪ ಸರಳು ಬಂದು ಖಟ್ ಅಂತ ಬೀಳುತ್ತದೆ. ಸ್ವಿಚ್ಚು ಗಾಜಿನ ಕೋಣೆಯಲ್ಲಿ ಕೂತ ಯಾರದೋ ಕೈಯಲ್ಲಿ. ನಡುವೆ ಸಾಕು ಅನ್ನಲು ದಾರಿಯಿಲ್ಲ. ಗಂಟು ಯಾರು ಹಾಕಿದರು, ಯಾರು ಜಗ್ಗಿ ನೋಡಿದರು ಅನ್ನುವುದೂ ಗೊತ್ತಿಲ್ಲ. ಗೋಳಗುಮ್ಮಟದ ಏಳಂತಸ್ತಿನ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲನ್ನು ಓಡಿ ಹತ್ತುವ ಮಕ್ಕಳು ಲಿಫ್ಟಿನಲ್ಲಿ ಅಮ್ಮನ ಸೆರಗು ಹಿಡಿಯುವುದನ್ನು ನಾನು ನೋಡಿದ್ದೇನೆ. ನಿಮ್ಮ ಹುಡುಗ ಅಂಜುಬುರ್ಕನಲ್ಲ ಅಕ್ಕಾವ್ರ. ಗಂಟು ಜಗ್ಗಿ ನೋಡದೆ ಹತ್ತದವನು. ನಮ್ಮ ಜಿಲ್ಲೆಯ ಟಂಟಂ ಗಾಡಿಗಳಲ್ಲಿ ಜೋತಾಡಿಕೊಂಡು ಹೋಗುವವರಲ್ಲಿ ಈ ಗುಣ ತುಸು ಇದ್ದಿದ್ದರೆ ಚೆನ್ನಾಗಿತ್ತು.

ಅವನಿಗೆ ಆ ಗಂಟು ತೋರಿಸಿ. ದಸರಾಕ್ಕೆ ಇನ್ನೂ ದಿನ ಇವೆ.

ರೋಲರ್ ಕೋಸ್ಟರಿನ ಬಂಡಿಗೆ ಒಂದೇ ಸಾಲು ಗಾಲಿ ಇರುವುದಿಲ್ಲ. ಹಳಿಯ ಮೇಲೆ ಓಡುವ ಗಾಲಿ, ಹಳಿಯ ಪಕ್ಕಕ್ಕೆ ಒತ್ತಿ ನಿಲ್ಲುವ ಗಾಲಿ, ಹಳಿಯ ಅಡಿಯಿಂದ ಹಿಡಿಯುವ ಗಾಲಿ ಅಂತ ಮೂರು ಬಗೆ. ಮುಷ್ಟಿಯಲ್ಲಿ ಕೋಲು ಹಿಡಿದ ಹಾಗೆ ಬಂಡಿ ಹಳಿಯನ್ನು ಹಿಡಿದಿರುತ್ತದೆ. ತಲೆಕೆಳಗಾದರೂ ಬಿಡುವುದಿಲ್ಲ. ಇನ್ನು ಬಂಡಿ ತಲೆಕೆಳಗಾಗುವ ಆ ಸುತ್ತು ದುಂಡಗಿನ ಬಳೆಯ ಹಾಗೆ ಕಂಡರೂ ಬಳೆಯಲ್ಲ, ಮೇಲೆ ಬಿಗಿ, ಕೆಳಗೆ ಅಗಲ, ನೀರಿನ ಹನಿಯ ಆಕಾರ. ಪೂರ್ತಿ ದುಂಡಗೆ ಮಾಡಿದರೆ ಬುಡದಲ್ಲಿ ಕುತ್ತಿಗೆಗೆ ಬೀಳುವ ಭಾರ ವಿಪರೀತವಾಗುತ್ತದೆ ಅನ್ನುವುದನ್ನು ಹತ್ತೊಂಬತ್ತನೇ ಶತಮಾನದವರು ಕುತ್ತಿಗೆ ನೋಯಿಸಿಕೊಂಡೇ ಕಲಿತರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸದ್ದಿನ ಸಂಗತಿ. ಸರಪಳಿ ಬಂಡಿಯನ್ನು ಮೊದಲ ಏರಿಗೆ ಎಳೆದೊಯ್ಯುವಾಗ ಕಟ್, ಕಟ್, ಕಟ್ ಅಂತ ಸದ್ದು ಬರುತ್ತದೆ. ಸಾಲಿನಲ್ಲಿ ನಿಂತ ಮಕ್ಕಳ ಎದೆ ಒಡೆಯುವುದು ಅದಕ್ಕೇ, ಏನೋ ಮುರಿಯುತ್ತಿದೆ ಅಂತ. ಅಸಲಿಗೆ ಅದು ಕಾವಲಿನ ಸದ್ದು. ಹಳಿಯ ನಡುವೆ ಗರಗಸದಂಥ ಹಲ್ಲುಗಳಿರುತ್ತವೆ. ಬಂಡಿಯ ಅಡಿಯ ಕೊಂಡಿಯೊಂದು ಒಂದೊಂದೇ ಹಲ್ಲು ದಾಟಿ ಬೀಳುವಾಗ ಕಟ್ ಅನ್ನುತ್ತದೆ. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದೆ ಆ ಹಲ್ಲಿಗೇ ನಿಲ್ಲುತ್ತದೆ. ಅಜ್ಜನ ಕಾಲದ ಗೋಡೆ ಗಡಿಯಾರ ಮನೆಯಲ್ಲಿದ್ದರೆ ಅವನ ಕೈಯಿಂದಲೇ ಕೀಲಿ ಕೊಡಿಸಿ. ಅಲ್ಲಿ ಬರುವ ಕಟಕಟವೂ ಇದೇ ಉಪಾಯ, ಸುತ್ತಿದ ಸ್ಪ್ರಿಂಗು ವಾಪಸು ಬಿಚ್ಚದ ಹಾಗೆ. ಈ ಕೊಂಡಿ, ಆ ಅಡಿಗಾಲಿ ಎರಡನ್ನೂ 1910ರ ದಶಕದಲ್ಲಿ ಊರ್ಜಿತಕ್ಕೆ ತಂದವನು ಜಾನ್ ಮಿಲ್ಲರ್ ಎಂಬ ಅಮೆರಿಕದ ಎಂಜಿನಿಯರು. ಅವನೂ ಗಂಟು ಜಗ್ಗಿ ನೋಡುವ ಜಾತಿಯವನೇ ಇರಬೇಕು.

ಇಷ್ಟು ತಿಳಿದ ಮೇಲೆ ಅವನು ಹತ್ತುತ್ತಾನೆಯೇ? ಹತ್ತಬಹುದು, ಬಿಡಬಹುದು. ಹತ್ತಿಸಲಿಕ್ಕೆ ಅಂತ ಇದನ್ನೆಲ್ಲ ಹೇಳಿದರೆ ಹನ್ನೊಂದು ವರ್ಷದ ಹುಡುಗನಿಗೆ ಎರಡೇ ನಿಮಿಷದಲ್ಲಿ ವಾಸನೆ ಹತ್ತುತ್ತದೆ. ಸುಮ್ಮನೆ ಹೇಳಿ. ಮನೆಯಿಂದ ಹೊರಡುವ ಮುಂಚೆ ಯಜಮಾನರು ಅವನಿಗೆ ಒಂದು ಮಾತು ಕೊಡಲಿ: ಒಂದು ರೈಡಿಗೆ ಒಂದೇ ಸಲ ಕೇಳುತ್ತೇನೆ, ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು. ಸಾಲಿನಲ್ಲಿ ನಿಂತ ಮೇಲೂ ಒಲ್ಲೆ ಅನ್ನಬಹುದು. ಸರಳು ಬೀಳುವ ಮುಂಚೆ ಅಲ್ಲಿನ ಸಿಬ್ಬಂದಿಗೆ ಹೇಳಿದರೆ ಹೊರಗೆ ಬಿಡುತ್ತಾರೆ. ಹೊರಗೆ ಹೋಗುವ ದಾರಿ ಇದೆ ಅಂತ ಖಾತ್ರಿಯಾದವನೇ ಒಳಗೆ ಕಾಲಿಡುವುದು. ರಟ್ಟೆ ಹಿಡಿದು ನಿಲ್ಲಿಸಿದಾಗ ಮುಚ್ಚಿದ್ದು ಆ ದಾರಿ. ಮತ್ತೆ, ಅರ್ಧ ಅಂಜಿಕೆ ಹುಟ್ಟುವುದೇ ಸಾಲಿನಲ್ಲಿ. ಮುಕ್ಕಾಲು ಗಂಟೆ ಮೇಲಿನವರ ಚೀರಾಟ ಕೇಳುತ್ತ ನಿಂತರೆ ನಿಮ್ಮ ಭಾವನವರ ಮಕ್ಕಳಿಗೂ ನಾಲಿಗೆ ಒಣಗಿರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ರಜೆಯಲ್ಲೂ ಶನಿವಾರ ಭಾನುವಾರ ತಪ್ಪಿಸಿ.

ಬಸ್ಸಿನಲ್ಲಿ ಅವನಿಗೆ ವಾಂತಿಯಾಗುತ್ತದೆಯೇ ಅಂತ ನೀವು ಬರೆದಿಲ್ಲ. ಆಗುತ್ತಿದ್ದರೆ ಗಿರಗಿರ ತಿರುಗುವ ರೈಡುಗಳ ಮಾತೇ ಎತ್ತಬೇಡಿ. ಅದು ಮೈಯ ತೋಲ ಕಾಯುವ ಒಳಗಿವಿಗೂ ಕಣ್ಣಿಗೂ ಬೀಳುವ ಜಗಳ, ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ವಯಸ್ಸಿನವರೆಗೆ ಮಕ್ಕಳಲ್ಲಿ ಅದು ಹೆಚ್ಚು, ಮುಂದೆ ಕಡಿಮೆಯಾಗುತ್ತದೆ. ಬಾಗಲಕೋಟೆಯಿಂದ ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿಗೆ ಹತ್ತಿ ರಾತ್ರಿಯೆಲ್ಲ ಅರೆನಿದ್ದೆಯಲ್ಲಿ ಕಳೆದು, ಇಳಿದ ಬೆಳಿಗ್ಗೆಯೇ ಚಲ್ಲಘಟ್ಟದವರೆಗೆ ಮೆಟ್ರೊ, ಅಲ್ಲಿಂದ ಬಿಡದಿಗೆ ಅಂತ ಓಡಬೇಡಿ. ಒಂದು ದಿನ ಮಲಗಿ ಎದ್ದು ಹೋಗಿ. ಬಿಡದಿಯ ತಟ್ಟೆ ಇಡ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ.

ರೊಕ್ಕದ ಮಾತು. ಅಲ್ಲಿ ಟಿಕೆಟ್ಟು ಗೇಟಿಗೆ, ರೈಡಿಗಲ್ಲ. ಅಲೆ ಏಳುವ ಕೊಳವೂ ನೀರಿನ ಜಾರುಬಂಡಿಗಳೂ ಅದರಲ್ಲೇ ಬಂದವು. ಯಜಮಾನರ ರೊಕ್ಕ ನಿಜವಾಗಿಯೂ ನೀರಾಗ ಹೋಗಲಿ ಬಿಡಿ, ಹುಡುಗ ಇಡೀ ದಿನ ಕೊಳದಲ್ಲೇ ಬಿದ್ದಿರಲಿ. ಅಲ್ಲಿ ಕಾಲು ನೆಲಕ್ಕೆ ಸಿಗುತ್ತದೆ, ಬೇಕಾದಾಗ ಎದ್ದು ಬರಬಹುದು, ಅವನಿಗೆ ಹೇಳಿ ಮಾಡಿಸಿದ ಜಾಗ. ನೀವೂ ಇಳಿಯಿರಿ. ಹತ್ತಿ ಬಟ್ಟೆ, ಸೀರೆ, ಚೂಡಿದಾರಿಗೆ ನೀರಿನಲ್ಲಿ ಬಿಡುವುದಿಲ್ಲ, ನೈಲಾನಿನ ಬಟ್ಟೆ ಒಂದು ಜೋಡಿ ಊರಲ್ಲೇ ತೆಗೆದುಕೊಂಡರೆ ಅಗ್ಗ. ಬ್ಯಾಗು ಕಾಯುವವರು ಯಾರು ಅಂತೀರಾ? ಬಾಡಿಗೆಗೆ ಲಾಕರ್ ಕೊಡುತ್ತಾರೆ. ಹೋದ ಸಲ ಈ ಮಾತು ನಿಮಗೆ ಯಾರೂ ಹೇಳಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದಿರೋ, ಅದು ನಿಮಗೇ ಗೊತ್ತು.

ಅಜ್ಜಿ ಕಡೆ ಬಿಟ್ಟು ಹೋಗುವ ವಿಚಾರ ಮಾತ್ರ ಮಾಡಬೇಡಿ. ಅವನು ಒಲ್ಲೆ ಅಂದದ್ದು ರೈಡಿಗೆ, ಪ್ರವಾಸಕ್ಕಲ್ಲ. ಬಾಕಿನ ಮೇಲೆ ಕೂತವನೂ ಪಾರ್ಕಿಗೆ ಬಂದವನೇ. ವಾಲ್ಟ್ ಡಿಸ್ನಿ ಲಾಸ್ ಏಂಜಲೀಸಿನ ಒಂದು ಉದ್ಯಾನದಲ್ಲಿ ತನ್ನ ಹೆಣ್ಣುಮಕ್ಕಳು ಕುದುರೆ ಗಿರಗಟ್ಲೆಯ ಮೇಲೆ ಸುತ್ತುತ್ತಿದ್ದಾಗ ತಾನು ಬಾಕಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದನಂತೆ. ದೊಡ್ಡವರೂ ಮಕ್ಕಳೂ ಕೂಡಿ ನಲಿಯುವ ಜಾಗ ಒಂದು ಬೇಕಲ್ಲ ಅಂತ ಹೊಳೆದದ್ದು ಅಲ್ಲೇ, ಅಂತ ಅವನೇ ಹೇಳಿಕೊಂಡಿದ್ದಾನೆ. ಡಿಸ್ನಿಲ್ಯಾಂಡು 1955ರಲ್ಲಿ ಬಾಗಿಲು ತೆರೆಯಿತು. ನಾನು ಬಾಕಿನ ಪಕ್ಷದವನು, ಹಾಗಾಗಿ ಈ ಕತೆಯನ್ನು ಸಿಕ್ಕಲ್ಲೆಲ್ಲ ಹೇಳುತ್ತಿರುತ್ತೇನೆ.

ಇನ್ನು ಆ ಹೆಸರು, 'ಅಂಜುಬುರ್ಕ'. ಅದನ್ನು ಕಿತ್ತು ಹಾಕಬೇಕಾದವರು ಮಕ್ಕಳಲ್ಲ, ಅವರು ಕರೆದಾಗ ನಕ್ಕ ಹಿರಿಯರು. ನಿಮ್ಮ ಭಾವನವರಿಗೆ ನೇರ ಹೇಳಲು ಸಂಕೋಚವಾಗುತ್ತದೆ, ಗೊತ್ತು. ಹೊರಡುವ ವಾರ ಅವರ ಮನೆಗೆ ಹೋದಾಗ ಈ ಸಂಚಿಕೆಯನ್ನು ಸೋಫಾದ ಮೇಲೆ ಮರೆತು ಬನ್ನಿ.

ಹುಡುಗನಿಗೆ ನನ್ನದೊಂದು ಕೆಲಸವಿದೆ. ಅಣ್ಣಂದಿರು ಬಂಡಿ ಹತ್ತಿದಾಗ ಅವನು ಕೆಳಗೆ ಸರಪಳಿಯ ಏರಿನ ಹತ್ತಿರ ನಿಂತು, ಬುಡದಿಂದ ತುದಿಯವರೆಗೆ ಎಷ್ಟು ಸಲ ಕಟ್ ಅಂದಿತು ಎಣಿಸಲಿ. ಎರಡು ಸಲ ಎಣಿಸಿ ತಾಳೆ ನೋಡಲಿ. ಒಂದು ಪೋಸ್ಟ್‌ಕಾರ್ಡಿನಲ್ಲಿ ತನ್ನ ಕೈಬರಹದಲ್ಲಿ ಬರೆದು ಕಳಿಸಿದರೆ ಡಿಸೆಂಬರ್ ಸಂಚಿಕೆಯ ಮಕ್ಕಳ ಪುಟದಲ್ಲಿ ಹಾಕುತ್ತೇನೆ. ಬಂಡಿಯ ಮೇಲೆ ಕೂತವರ್‍ಯಾರೂ ಕಣ್ಣು ಮುಚ್ಚಿದ ಗದ್ದಲದಲ್ಲಿ ಅದನ್ನು ಎಣಿಸಿರುವುದಿಲ್ಲ.