ಮೃದಂಗ ಒಡೆಯಬಾರದು, ತಂಬೂರ ಮುಳುಗಬಾರದು: ಯಾವ ರೆಕಾರ್ಡರ್ ಕೊಳ್ಳಲಿ?

ಪ್ರಶ್ನೆ: ಮೇಡಂ, ನಾನು ಪಿಟೀಲು ಕಲಿಯುತ್ತಿದ್ದೇನೆ. ಪ್ರತಿ ಭಾನುವಾರ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾಲ್ಕು ಜನ ಸೇರಿ ನುಡಿಸುತ್ತೇವೆ. ಗೆಳತಿ ಹಾಡುತ್ತಾಳೆ, ಒಬ್ಬ ಮೃದಂಗ, ಇನ್ನೊಬ್ಬ ಗಿಟಾರ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಮೃದಂಗ ಒಡೆದ ಹಾಗೆ ಕೇಳುತ್ತದೆ, ಹಾಡು ಎಲ್ಲೋ ಹಿಂದೆ ಹೋಗುತ್ತದೆ. ರೆಕಾರ್ಡರ್ ಕೊಳ್ಳೋಣ ಅಂದರೆ ಹತ್ತಾರು ಮಾಡೆಲ್ ಇವೆ. ಎಕ್ಸ್‌ಎಲ್‌ಆರ್ ಇರಲೇಬೇಕಾ? 32 ಬಿಟ್ ಫ್ಲೋಟ್ ಅಂದರೇನು? ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ.
— ಓದುಗರು, ಶಿವಮೊಗ್ಗ

ಉತ್ತರ: ಮೊಬೈಲಿನ ಮೈಕ್ ಕೆಟ್ಟದ್ದೇನಲ್ಲ. ಆದರೆ ಅದನ್ನು ಸಾಮಾನ್ಯವಾಗಿ ಮಾತಿಗೆ ಅಂತ ಹೊಂದಿಸಿರುತ್ತಾರೆ. ಸದ್ದು ಜೋರಾದರೆ ತಾನೇ ತಗ್ಗಿಸುತ್ತದೆ, ಮೆಲ್ಲಗಾದರೆ ತಾನೇ ಏರಿಸುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಫ್ಯಾನ್ ಇರಬೇಕು ಅಂದುಕೊಂಡು ಅಳಿಸಲು ನೋಡುತ್ತದೆ. ನಮ್ಮ ತಂಬೂರವೂ ಒಂದೇ ಸಮನೆ ಬರುವ ನಾದವೇ ಅಲ್ವಾ?

ನನ್ನ ಶಿಷ್ಯೆಯೊಬ್ಬಳು ಮೊಬೈಲಿನಲ್ಲಿ ಹಾಡಿ ಕಳಿಸಿದ ಕಲ್ಯಾಣಿ ಆಲಾಪನೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತಿತ್ತು. ಅವಳು ಹಾಡುವಾಗ ತಂಬೂರ ಮಾಯ. ಉಸಿರಿಗೆ ನಿಲ್ಲಿಸಿದರೆ ಮೆಲ್ಲಗೆ ಮೇಲೇಳುತ್ತದೆ. ಮತ್ತೆ ದನಿ ತೆಗೆದ ಕೂಡಲೇ ಮುಳುಗುತ್ತದೆ. ಶ್ರುತಿಯೇ ಕೇಳದಿದ್ದರೆ ನಿಷಾದ ಸರಿಯಾದ ಜಾಗದಲ್ಲಿ ನಿಂತಿದೆಯೋ ಇಲ್ಲವೋ ಹೇಗೆ ಹೇಳುವುದು? ಅಭ್ಯಾಸಕ್ಕೆ ಬೇಕಾದ್ದು ನಡುವೆ ಕೈಯಾಡಿಸದ ಯಂತ್ರ. ನುಡಿಸಿದ್ದು ನುಡಿಸಿದ ಹಾಗೇ ಕೇಳಬೇಕು. ದುಡ್ಡು ಕೊಟ್ಟು ರೆಕಾರ್ಡರ್ ತೆಗೆದುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ನಿಮ್ಮ ನಾಲ್ವರಿಗೆ ಎಕ್ಸ್‌ಎಲ್‌ಆರ್, ಅಂದರೆ ಹೊರಗಿನ ಮೈಕ್ ಸಿಕ್ಕಿಸುವ ಮೂರು ಪಿನ್ನಿನ ಕಿಂಡಿ, ಬೇಡ. ಹೊರಗಿನ ಮೈಕ್ ತಂದು, ಸ್ಟ್ಯಾಂಡ್ ನಿಲ್ಲಿಸಿ, ಕೇಬಲ್ ಎಳೆಯುವಷ್ಟರಲ್ಲಿ ನುಡಿಸುವ ಹುಮ್ಮಸ್ಸೇ ಇಳಿದುಹೋಗುತ್ತದೆ. ಆಮೇಲೆ ಪೆಟ್ಟಿಗೆ ಬೀರು ಸೇರುತ್ತದೆ. ಮೈಮೇಲೇ ಎರಡು ಮೈಕ್ ಇರುವ ಸಣ್ಣ ರೆಕಾರ್ಡರ್ ಸಾಕು. ಟಾಸ್ಕಾಮ್ ಡಿಆರ್-05ಎಕ್ಸ್, ಡಿಆರ್-07ಎಕ್ಸ್, ಜೂಮ್ ಎಚ್1ಎನ್, 2024ರಲ್ಲಿ ಬಂದ ಜೂಮ್ ಎಚ್1 ಎಸೆನ್ಷಿಯಲ್, ಇವೆಲ್ಲ ಆ ಬಗೆಯವು.

ಇವುಗಳಲ್ಲಿ 05ಎಕ್ಸ್‌ನ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಒಂದೇ ಥರ ಹಿಡಿಯುತ್ತದೆ. ಉಳಿದವು ಮುಂದಿರುವುದನ್ನು ಜಾಸ್ತಿ, ಹಿಂದಿನದನ್ನು ಕಡಿಮೆ ಹಿಡಿಯುತ್ತವೆ. ನಿಮ್ಮದು ಮಹಡಿ ಕೋಣೆ. ಬರೀ ಗೋಡೆ, ಟೈಲ್ಸ್ ನೆಲ ಇದ್ದರೆ ಸದ್ದು ಬಡಿದು ಬಡಿದು ವಾಪಸ್ ಬರುತ್ತದೆ. ಎಲ್ಲ ಕಡೆಯಿಂದ ಹಿಡಿಯುವ ಮೈಕ್ ಅದನ್ನೂ ಸೇರಿಸಿಕೊಂಡು, ಹಾಡಿನ ಸಂಗತಿಗಳೆಲ್ಲ ಕಲಸಿಹೋಗುತ್ತವೆ. ಹಾಗಾಗಿ ನಾನು ನಿಮಗೆ ಹೇಳುವುದು 07ಎಕ್ಸ್. ಎರಡು ಡಬಲ್ ಎ ಸೆಲ್ ಹಾಕಿದರೆ ನಡೆಯುತ್ತದೆ, ಅದು ಬೀದಿ ಕೊನೆಯ ಅಂಗಡಿಯಲ್ಲೂ ಸಿಗುತ್ತದೆ. ಇನ್ನೊಂದು ಅನುಕೂಲ: ಶ್ರುತಿ ಬದಲಾಗದ ಹಾಗೆ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಬಹುದು. ಎರಡನೇ ಕಾಲದಲ್ಲಿ ಬಿಲ್ಲು ಎಲ್ಲಿ ತಡವಾಯಿತು ಅಂತ ಪಿಟೀಲಿನವರಿಗೆ ಆಗ ಗೊತ್ತಾಗುತ್ತದೆ.

32 ಬಿಟ್ ಫ್ಲೋಟ್ ಎಚ್1 ಎಸೆನ್ಷಿಯಲ್‌ನಲ್ಲಿದೆ. ಅದಕ್ಕೆ ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಿ ಹಿಡಿಯಬೇಕು ಅನ್ನುವುದು) ಇಡುವ ಕೆಲಸವೇ ಇಲ್ಲ. ತೀರ ಮೆಲ್ಲಗಿದ್ದರೂ, ಜೋರಾಗಿದ್ದರೂ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು. ಲೆವೆಲ್ ಅಂದರೆ ಹೆದರುವವರಿಗೆ ಒಳ್ಳೆಯದು. ಆದರೆ ಮೈಕಿನ ಮಿತಿ ಮೀರಿದ ಸದ್ದನ್ನು ಅದೂ ಉಳಿಸುವುದಿಲ್ಲ. ಫೈಲ್ ದೊಡ್ಡದು, ವಾಟ್ಸಾಪಿನಲ್ಲಿ ಕಳಿಸಬೇಕಾದರೆ ಎಂಪಿ3 ಮಾಡಿಕೊಳ್ಳಬೇಕು. ನುಡಿಸಿ ಮುಗಿಸಿ ಅಲ್ಲೇ ಕೂತು ಕೇಳುವ ನಿಮಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಯಾವುದನ್ನೇ ಕೊಂಡರೂ ಎಲ್ಲಿಡುತ್ತೀರಿ ಅನ್ನುವುದು ಮಾಡೆಲ್ಲಿಗಿಂತ ಮುಖ್ಯ. ನೆಲದ ಮೇಲೆ, ಮೇಜಿನ ಮೇಲೆ ಇಡಬೇಡಿ. ಮೃದಂಗದ ಎಡಭಾಗದ, ಅಂದರೆ ತೊಪ್ಪಿಯ, ಗುಂಕಿ ನಾದ ನೆಲದಿಂದಲೇ ಹತ್ತಿಕೊಂಡು ಬರುತ್ತದೆ. ಕ್ಯಾಮೆರಾದ ಸಣ್ಣ ಟ್ರೈಪಾಡ್ ಇದಕ್ಕೆ ಹೊಂದುತ್ತದೆ. ಕೂತವರ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಹಾಡುವವಳ ಎದುರು ನಾಲ್ಕೈದು ಅಡಿ ದೂರದಲ್ಲಿ. ಕಛೇರಿಯ ಹಾಗೆ ಅವಳ ಒಂದು ಕಡೆ ನೀವು, ಇನ್ನೊಂದು ಕಡೆ ಮೃದಂಗ. ಗಿಟಾರ್ ನಿಮ್ಮ ಪಕ್ಕ. ಎರಡು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಮೃದಂಗ ಜಾಸ್ತಿ ಅನಿಸಿದರೆ ಗುಂಡಿ ತಿರುಗಿಸಬೇಡಿ. ಎಲ್ಲದರ ಲೆವೆಲ್ಲೂ ಒಟ್ಟಿಗೇ ಇಳಿದುಬಿಡುತ್ತದೆ. ಮೃದಂಗದವರನ್ನೇ ಒಂದು ಹೆಜ್ಜೆ ಹಿಂದೆ ಕೂರಿಸಿ. ಬಯಲಲ್ಲಾದರೆ ದೂರ ಎರಡರಷ್ಟಾದಾಗ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯಲ್ಲಿ ಸ್ವಲ್ಪ ಕಡಿಮೆ. ನಾಲ್ಕು ವಾದ್ಯಕ್ಕೆ ಎರಡೇ ಮೈಕ್ ಇರುವಾಗ ಸದ್ದು ಹೊಂದಿಸುವ ನಿಮ್ಮ ಮಿಕ್ಸರ್ ಅಂದರೆ ನೀವು ಕೂರುವ ಜಮಖಾನವೇ. ಕೈಗೆ ಸಿಕ್ಕ ಕಂಬಳಿಯೊಂದನ್ನು ಎದುರು ಗೋಡೆಗೆ ತೂಗುಹಾಕಿ, ಮಾರ್ದನಿ ತಗ್ಗುತ್ತದೆ. ಫ್ಯಾನ್ ನಿಲ್ಲಿಸಿ. ಸೆಕೆ ತಡೆಯಲಾಗದಿದ್ದರೆ ಮೈಕಿಗೆ ಸ್ಪಂಜಿನ ಟೋಪಿ ಹಾಕಿ.

ಆಟೋ ಲೆವೆಲ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಮೊಬೈಲಿನ ಕಥೆಯೇ ಮತ್ತೆ. ಮೃದಂಗದವರಿಗೆ ತನಿಯ (ಅವರೊಬ್ಬರೇ ನುಡಿಸುವ ಭಾಗದ) ಕೊನೆಯ ಕೋರ್ವೆಯನ್ನು, ಅಂದರೆ ಮುಕ್ತಾಯದ ಜತಿಯನ್ನು, ಪೂರ್ತಿ ಜೋರಿನಲ್ಲಿ ನುಡಿಸಲು ಹೇಳಿ. ಆಗ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಬಂದು ನಿಲ್ಲುವಂತೆ ಗೇನ್ ಇಡಿ. ಸುಮ್ನೆ ಮೆಲ್ಲಗೆ ತಟ್ಟಿ ತೋರಿಸಿದರೆ ಸಾಲದು, ಹುರುಪು ಬಂದ ಮೇಲೆ ಎಲ್ಲರ ಕೈಯೂ ಜೋರಾಗುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲಿಗೆ ಗಂಟೆಗೆ 1 ಜಿಬಿಗಿಂತ ಚೂರು ಜಾಸ್ತಿ ಬೇಕು. 32 ಜಿಬಿ ಕಾರ್ಡಿನಲ್ಲಿ ಸುಮಾರು 30 ಗಂಟೆ. ಶುರುವಿಗೆ ದಿನಾಂಕ, ರಾಗ, ತಾಳ ಬಾಯಲ್ಲೇ ಹೇಳಿಬಿಡಿ. ವರ್ಷದ ಮೇಲೆ ಹುಡುಕುವಾಗ ಉಪಯೋಗಕ್ಕೆ ಬರುತ್ತದೆ.

ಮಾರನೇ ದಿನ ಕೇಳುವಾಗ ಮೊದಲು ಲಯ ನೋಡಿ. ಆದಿತಾಳದ ಒಂದು ಆವರ್ತ ಶುರುವಿನಲ್ಲಿ ಎಷ್ಟು ಸೆಕೆಂಡ್, ಸ್ವರಕಲ್ಪನೆ ಮುಗಿಯುವಾಗ ಎಷ್ಟು, ಗಡಿಯಾರ ಹಿಡಿದು ಅಳೆಯಿರಿ. 8 ಇದ್ದದ್ದು 7ಕ್ಕೆ ಬಂದಿದ್ದರೆ ಕಾಲ ಓಡಿದೆ. ಯಾರು ಓಡಿಸಿದರು ಅಂತ ಜಗಳ ಬೇಡ, ಫೈಲಿನಲ್ಲೇ ಕೇಳುತ್ತದೆ.

ಪ್ರಶ್ನೆ: ನಮ್ಮದು ಕಾಲೇಜ್ ಬ್ಯಾಂಡ್. ಡ್ರಮ್ಸ್, ಬಾಸ್, ಎಲೆಕ್ಟ್ರಿಕ್ ಗಿಟಾರ್ ಇವೆ. ಹಾಡುವವನ ಮೈಕ್ ಸ್ಪೀಕರಿಗೆ ಹೋಗುತ್ತದೆ. ಸಣ್ಣ ರೆಕಾರ್ಡರ್‌ನಲ್ಲಿ ಅವನ ಮಾತುಗಳೇ ಕೇಳುವುದಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ನಿಮಗೆ ಮಾತ್ರ ಎಕ್ಸ್‌ಎಲ್‌ಆರ್ ಇರುವುದೇ ಬೇಕು. ಟಾಸ್ಕಾಮ್ ಡಿಆರ್-40ಎಕ್ಸ್ ಅಥವಾ ಜೂಮ್ ಎಚ್4ಎನ್ ಪ್ರೊ ನೋಡಿ. ಎರಡರಲ್ಲೂ ನಾಲ್ಕು ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ಉಳಿಯುವ ನಾಲ್ಕು ಸದ್ದುಗಳು, ಬರುತ್ತವೆ. ಮಿಕ್ಸರ್‌ನಿಂದ ಹಾಡಿನ ಲೈನ್ ಎಳೆದು ಒಂದು ಇನ್‌ಪುಟ್ಟಿಗೆ ಕೊಡಿ, ಕೋಣೆಯ ಸದ್ದನ್ನು ಮೈಮೇಲಿನ ಮೈಕ್ ಹಿಡಿಯಲಿ. ಆಮೇಲೆ ಹಾಡನ್ನು ಬೇಕಾದಷ್ಟು ಏರಿಸಿಕೊಳ್ಳಬಹುದು. ಎಚ್4ಎನ್ ಪ್ರೊ ಮೈಕ್ 140 ಡೆಸಿಬೆಲ್‌ವರೆಗೂ ತಡೆಯುತ್ತದೆ, ಡ್ರಮ್ಸ್ ಇರುವ ಕಡೆ ಅದು ದೊಡ್ಡ ಧೈರ್ಯ.

ಪ್ರಶ್ನೆ: ಹಳೇ ಜೂಮ್ ಎಚ್1 ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ತೆಗೆದುಕೊಳ್ಳಬಹುದಾ?
— ಓದುಗರು, ಉಡುಪಿ

ಉತ್ತರ: ಧಾರಾಳವಾಗಿ. ಆದರೆ ಕೈಗೆ ತೆಗೆದುಕೊಂಡು ನೋಡಿ. ಸೆಲ್ ಕೂರುವ ಜಾಗದಲ್ಲಿ ಹಸಿರು ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ, ಬಿಟ್ಟುಬಿಡಿ. ಹೆಡ್‌ಫೋನ್ ಹಾಕಿಕೊಂಡು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಚಿಟಿಕೆ ಹಾಕಿ. ಎಡದ್ದು ಎಡಗಿವಿಯಲ್ಲಿ ಎಷ್ಟು ಜೋರೋ, ಬಲದ್ದು ಬಲಗಿವಿಯಲ್ಲಿ ಅಷ್ಟೇ ಜೋರಾಗಿ ಬರಬೇಕು. ಹೆಡ್‌ಫೋನ್ ಪಿನ್ ಅಲ್ಲಾಡಿಸಿದಾಗ ಕರಕರ ಅನ್ನಬಾರದು. ಕಾರ್ಡ್ ಹಾಕಿ ಐದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಅಲ್ಲೇ ಕೇಳಿ ನೋಡಿ. ಅದು 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್ ಮಾತ್ರ ತೆಗೆದುಕೊಳ್ಳುತ್ತದೆ, ದೊಡ್ಡ ಕಾರ್ಡ್ ಕೊಂಡು ದುಡ್ಡು ಹಾಳು ಮಾಡಬೇಡಿ.