ಕಾಲ್ ಮಾಡೋರ ಮುಂದೆ ಬ್ಲಫ್ ಯಾಕೆ?

ಪ್ರಶ್ನೆ: ಸಾರ್, ನಾವು ತುಮಕೂರಿನ ನಾಲ್ಕೈದು ಜನ ವರ್ಷಕ್ಕೊಂದ್ಸಲ ಗೋವಾ ಕ್ಯಾಸಿನೋಗೆ ಹೋಗಿ ಪೋಕರ್ ಆಡ್ತೀವಿ, ಟೇಬಲ್ ತುಂಬಾ ಸುಮ್ನೆ ಕಾಲ್ ಮಾಡೋರೇ (ನಾವು ಹಾಕಿದಷ್ಟೇ ದುಡ್ಡು ತಾವೂ ಹಾಕೋರು), ಎಷ್ಟು ಬ್ಲಫ್ ಹೊಡುದ್ರೂ (ಎಲೆ ಚೆನ್ನಾಗಿಲ್ದಿದ್ರೂ ಇರೋ ಹಾಗೆ ದುಡ್ಡು ಹಾಕಿದ್ರೂ) ಯಾರೂ ಎಲೆ ಬಿಸಾಕಿ ಫೋಲ್ಡ್ ಮಾಡಲ್ಲ, ಏನ್ಮಾಡೋದು?
- ಓದುಗ, ಕ್ಯಾತ್ಸಂದ್ರ

ಉತ್ತರ: ಬ್ಲಫ್ ಬಿಡಿ ಸ್ವಾಮಿ. ಪಾಟಲ್ಲಿ, ಅಂದ್ರೆ ಮಧ್ಯದ ದುಡ್ಡಿನ ಗುಡ್ಡೇಲಿ, 1,000 ಇದ್ದಾಗ 1,000 ಹಾಕಿ ಬ್ಲಫ್ ಮಾಡಿದ್ರೆ ಎರಡರಲ್ಲಿ ಒಂದ್ಸಲಾನಾದ್ರೂ ಅವ್ರು ಎಲೆ ಬಿಸಾಕ್ಬೇಕು, ಇಲ್ದಿದ್ರೆ ಲಾಸೇ. ಅದ್ರ ಬದ್ಲು ಕೈಯಲ್ಲಿ ಎಕ್ಕಾನೂ ರಾಜಾನೂ ಇದ್ದು ಫ್ಲಾಪಲ್ಲಿ (ಟೇಬಲ್ ಮೇಲೆ ಬಿಚ್ಚೋ ಮೊದಲ ಮೂರು ಎಲೇಲಿ) ಇನ್ನೊಂದು ಎಕ್ಕ ಬಂತಾ, ದುಡ್ಡು ಹಾಕ್ದೆ ಚೆಕ್ ಮಾಡಿ ನಾಟ್ಕ ಆಡ್ಬೇಡಿ, 700-800 ಹಾಕಿ, ಸಣ್ಣ ಜೋಡಿ ಇಟ್ಕೊಂಡೂ ಕೊಡ್ತಾರೆ. ಆದ್ರೆ ಗಂಟೆಗಟ್ಲೆ ಸುಮ್ನಿದ್ದ ಯಜಮಾನ್ರು ರಿವರಲ್ಲಿ (ಟೇಬಲ್ ಮೇಲೆ ಕೊನೇ ಎಲೆ ಬಿಚ್ಚಿದಾಗ) ಏಕ್ದಂ ದುಡ್ಡು ಏರಿಸಿ ರೈಸ್ ಮಾಡಿದ್ರೆ ಒಂದೇ ಜೋಡಿ ಹಿಡ್ಕೊಂಡು ಹಠ ಬೇಡ. ನಾನು ಮಾಡಿದ್ದೆ, ವಾಪಸ್ ಬಸ್ ಚಾರ್ಜಿಗೆ ಫ್ರೆಂಡ್ ಹತ್ರ ಸಾಲ.